ವಿಶ್ವದ ಟಾಪ್ ಶೇ.2 ವಿಜ್ಞಾನಿಗಳ ಪಟ್ಟಿ: ಸ್ಥಾನ ನಿರ್ಧಾರವಾಗುವುದು ಹೇಗೆ? ಇಲ್ಲಿದೆ ಮಾಹಿತಿ

'ನಮ್ಮ ಪ್ರಾಧ್ಯಾಪಕರು ವಿಶ್ವದ ಅಗ್ರ ಶೇ.2 ವಿಜ್ಞಾನಿಗಳ ಪಟ್ಟಿಯಲ್ಲಿ' ಎಂಬ ಪ್ರಕಟಣೆಗಳು ಈಗ ಬೆಂಗಳೂರು, ಮುಂಬೈಗೆ ಸೀಮಿತವಲ್ಲ. ಮಹಾರಾಷ್ಟ್ರದ ನಾಸಿಕ್, ಛತ್ರಪತಿ ಸಂಭಾಜಿನಗರದಂತಹ (ಹಿಂದಿನ ಔರಂಗಾಬಾದ್) ನಗರಗಳ ಶಿಕ್ಷಣ ಸಂಸ್ಥೆಗಳಿಗೂ ಇದು ಪ್ರತಿಷ್ಠೆಯ ವಿಷಯ. ಪಿಎಚ್.ಡಿ. ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿಗಳೂ ಇಂತಹ ಪಟ್ಟಿಗಳನ್ನು ನೋಡುತ್ತಾರೆ. ಹಾಗಾದರೆ ಇದು ತಯಾರಾಗುವುದು ಹೇಗೆ?

ಪಟ್ಟಿ ಯಾರದ್ದು?

'ಸ್ಟ್ಯಾನ್‌ಫೋರ್ಡ್ ಪಟ್ಟಿ' ಎಂದೇ ಹೆಸರಾದ ಇದನ್ನು ಸ್ಟ್ಯಾನ್‌ಫೋರ್ಡ್ ವಿವಿ ಪ್ರಾಧ್ಯಾಪಕ ಜಾನ್ ಇಯೊನಿಡಿಸ್ ತಂಡ 2019ರಲ್ಲಿ ಮೊದಲು ಪ್ರಕಟಿಸಿತು. ಎಲ್ಸೆವಿಯರ್ ಸಂಸ್ಥೆಯ ಸ್ಕೋಪಸ್ ದತ್ತಾಂಶವೇ ಇದಕ್ಕೆ ಆಧಾರ. ಇದು ವಿವಿ ಕೊಡುವ ಪ್ರಶಸ್ತಿಯಲ್ಲ, ಯಾರೂ ಅರ್ಜಿ ಹಾಕಬೇಕಿಲ್ಲ.

ಲೆಕ್ಕಾಚಾರ ಹೇಗೆ?

ಒಂದು ಸಂಶೋಧನಾ ಪ್ರಬಂಧವನ್ನು ಇನ್ನೊಂದು ಪ್ರಬಂಧ ಆಕರವಾಗಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಇದನ್ನೇ ಆಧರಿಸಿದೆ. ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 20.

ಆದರೆ ನೂರು ಜನ ಸೇರಿ ಬರೆದ ಪ್ರಬಂಧದ ಉಲ್ಲೇಖ ನೂರೂ ಜನರ ಖಾತೆಗೆ ಸೇರುತ್ತದೆ. ಇದನ್ನು ಸರಿದೂಗಿಸಲು ಇಯೊನಿಡಿಸ್ ತಂಡ ಆರು ಅಂಶಗಳನ್ನು ಕೂಡಿಸಿ 'ಸಿ-ಸ್ಕೋರ್' ಲೆಕ್ಕ ಹಾಕುತ್ತದೆ:

* ಒಟ್ಟು ಉಲ್ಲೇಖಗಳು
* ಎಚ್-ಇಂಡೆಕ್ಸ್
* ಸಹಲೇಖಕರ ಸಂಖ್ಯೆಗೆ ತಕ್ಕಂತೆ ಹೊಂದಿಸಿದ ಎಚ್-ಇಂಡೆಕ್ಸ್
* ಒಬ್ಬರೇ ಬರೆದ ಪ್ರಬಂಧಗಳ ಉಲ್ಲೇಖಗಳು
* ಏಕೈಕ ಅಥವಾ ಮೊದಲ ಲೇಖಕರಾಗಿ ಬಂದ ಉಲ್ಲೇಖಗಳು
* ಏಕೈಕ, ಮೊದಲ ಅಥವಾ ಕೊನೆಯ ಲೇಖಕರಾಗಿ ಬಂದ ಉಲ್ಲೇಖಗಳು

ಒಟ್ಟಾರೆ ಮೊದಲ 1 ಲಕ್ಷದೊಳಗೆ ಬಂದವರು ಅಥವಾ ತಮ್ಮ ಉಪವಿಭಾಗದ ಅಗ್ರ ಶೇ.2ರಲ್ಲಿ ಇರುವವರು ಪಟ್ಟಿಗೆ ಸೇರುತ್ತಾರೆ. ಇಡೀ ವೃತ್ತಿಜೀವನಕ್ಕೆ ಒಂದು, ಒಂದೇ ವರ್ಷದ ಉಲ್ಲೇಖಗಳಿಗೆ ಇನ್ನೊಂದು ಹೀಗೆ ಎರಡು ಪಟ್ಟಿಗಳಿವೆ.

ಉಪವಿಭಾಗ ಏಕೆ ಮುಖ್ಯ?

ನಾಸಿಕ್‌ನಲ್ಲಿ 1998ರಲ್ಲಿ ಆರಂಭವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿವಿ ಇದೆ. ಸಂಭಾಜಿನಗರದಲ್ಲಿ 1958ರಲ್ಲಿ ಸ್ಥಾಪನೆಯಾದ, ಹಲವು ವಿಷಯಗಳ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿವಿ ಇದೆ. ವೈದ್ಯಕೀಯದಲ್ಲಿ ಪ್ರಬಂಧಗಳೂ ಹೆಚ್ಚು, ಉಲ್ಲೇಖಗಳೂ ಹೆಚ್ಚು. ಗಣಿತದಲ್ಲಿ ಎರಡೂ ಕಡಿಮೆ. ಹೀಗಾಗಿ ನಾಸಿಕ್‌ನ ವೈದ್ಯ ಸಂಶೋಧಕರನ್ನು ಸಂಭಾಜಿನಗರದ ಗಣಿತಜ್ಞರೊಂದಿಗೆ ಬರೀ ಉಲ್ಲೇಖದ ಸಂಖ್ಯೆಯಿಂದ ಹೋಲಿಸುವುದು ನ್ಯಾಯವಲ್ಲ. ಇದಕ್ಕಾಗಿಯೇ ಪಟ್ಟಿಯಲ್ಲಿ 174 ಉಪವಿಭಾಗಗಳಿವೆ.

ಸಂಖ್ಯೆಯೇ ಎಲ್ಲವೂ ಅಲ್ಲ

2013ರಲ್ಲಿ ಕನ್ನಡಿಗ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 100 ತಲುಪಿದ್ದು ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷ ನೊಬೆಲ್ ಪಡೆದ ಪೀಟರ್ ಹಿಗ್ಸ್, 1964ರ ತಮ್ಮ ಮಹತ್ವದ ಸಂಶೋಧನೆಯ ನಂತರ ಬರೆದ ಪ್ರಬಂಧಗಳು 10ಕ್ಕಿಂತ ಕಡಿಮೆ. ಇಬ್ಬರ ಸಾಧನೆಯೂ ದೊಡ್ಡದೇ, ಆದರೆ ಒಂದೇ ಅಳತೆಗೋಲಿಗೆ ಸಿಗುವುದಿಲ್ಲ.

ಸಂಖ್ಯೆಗಳನ್ನು ಕೃತಕವಾಗಿ ಹೆಚ್ಚಿಸಿಕೊಳ್ಳುವುದೂ ಸಾಧ್ಯ. ತಮ್ಮದೇ ಪ್ರಬಂಧವನ್ನು ಪದೇ ಪದೇ ಉಲ್ಲೇಖಿಸುವುದು, ಗುಂಪು ಕಟ್ಟಿಕೊಂಡು ಪರಸ್ಪರ ಉಲ್ಲೇಖಿಸುವುದು ಸಾಮಾನ್ಯ ತಂತ್ರಗಳು. ಕ್ಲಾರಿವೇಟ್ ಸಂಸ್ಥೆ 2023ರ ತನ್ನ 'ಹೈಲಿ ಸೈಟೆಡ್' ಪಟ್ಟಿಯಿಂದ 1,000ಕ್ಕೂ ಹೆಚ್ಚು ಹೆಸರುಗಳನ್ನು ಕೈಬಿಟ್ಟಿತು. ಆ ವರ್ಷ ಗಣಿತ ವಿಭಾಗವನ್ನೇ ಹೊರಗಿಟ್ಟಿತು.

ಓದುಗರು ಗಮನಿಸಬೇಕಾದ್ದು

* ಯಾವ ಪಟ್ಟಿ? ಎಡಿ ಸೈಂಟಿಫಿಕ್ ಇಂಡೆಕ್ಸ್‌ಗೆ ಗೂಗಲ್ ಸ್ಕಾಲರ್ ಪ್ರೊಫೈಲ್ ಆಧಾರ, ಸ್ಟ್ಯಾನ್‌ಫೋರ್ಡ್ ಪಟ್ಟಿಗೆ ಸ್ಕೋಪಸ್. ಎರಡೂ ಒಂದೇ ಅಲ್ಲ.
* ಇಡೀ ವೃತ್ತಿಜೀವನದ್ದೋ, ಒಂದೇ ವರ್ಷದ್ದೋ?
* ಸ್ವಯಂ ಉಲ್ಲೇಖ ತೆಗೆದರೆ ಸ್ಥಾನ ಎಷ್ಟಕ್ಕೆ ಇಳಿಯುತ್ತದೆ? ಸ್ಟ್ಯಾನ್‌ಫೋರ್ಡ್ ಪಟ್ಟಿಯಲ್ಲಿ ಎರಡೂ ಲೆಕ್ಕ ಇರುತ್ತದೆ.
* ಹಿಂಪಡೆದ ಪ್ರಬಂಧಗಳಿವೆಯೇ? ಈ ಮಾಹಿತಿಯನ್ನು 2024ರಿಂದ ಅದೇ ಪಟ್ಟಿಯಲ್ಲಿ ನೀಡಲಾಗುತ್ತಿದೆ.

ಪಟ್ಟಿ ಎಲ್ಲರಿಗೂ ಉಚಿತವಾಗಿ ಲಭ್ಯವಿದ್ದು, ಎಕ್ಸೆಲ್ ಫೈಲ್ ಡೌನ್‌ಲೋಡ್ ಮಾಡಿಕೊಂಡು ಹೆಸರು ಹುಡುಕಬಹುದು. ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ಸ್ಥಾನದ ಜೊತೆಗೆ ಇತ್ತೀಚಿನ ಒಂದೆರಡು ಪ್ರಬಂಧಗಳನ್ನೂ ಓದಿ ನೋಡುವುದು ಒಳಿತು.