ಹಳೇ ಗಾಡಿ, ಹೊಸ ಟೇಪು: ಎರಡು ವೈರು ಹನ್ನೊಂದಾದ ಕತೆ

ಭತ್ತದ ಸುಗ್ಗಿಯಲ್ಲಿ ಮುಕ್ಕುಂದದ ದಾರಿಯಲ್ಲಿ ನಿಂತರೆ, ಟ್ರ್ಯಾಕ್ಟರ್ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಇಂಜಿನ್ ಸದ್ದಿಗಿಂತ ಹಾಡಿನ ಸದ್ದೇ ಜೋರು. ಗಾಡಿ ಅಪ್ಪನ ಕಾಲದ್ದಿರಬಹುದು, ಟೇಪು ಮಾತ್ರ ಮೊನ್ನೆ ಸಿಂಧನೂರಿನಿಂದ ತಂದದ್ದು. ಅದರಲ್ಲಿ ಕ್ಯಾಸೆಟ್ ಇಲ್ಲ, ಬ್ಲೂಟೂತ್ ಇದೆ. ಆದರೂ ನಮ್ಮ ಬಾಯಲ್ಲಿ ಅದು ಇನ್ನೂ 'ಟೇಪು'.

ಹಳೇ ಗಾಡಿಗೆ ಹೊಸ ಟೇಪು ಕೂರಿಸುವಾಗ ಎಲ್ಲರಿಗೂ ಒಂದೇ ತಲೆನೋವು. ಗಾಡಿಯಿಂದ ಎರಡು ವೈರು ಹೊರಗೆ ಬಂದಿವೆ, ಟೇಪಿನ ಹಿಂದೆ ಬಣ್ಣಬಣ್ಣದ ಹನ್ನೊಂದು ಜೋತಾಡುತ್ತಿವೆ. ಈ ಹೆಚ್ಚಿನ ವೈರುಗಳು ಎಲ್ಲಿಂದ ಬಂದವು?

ಅಮೆರಿಕದ ಗಾಲ್ವಿನ್ ಕಂಪನಿ 1930ರಲ್ಲಿ 'ಮೋಟೊರೋಲಾ' ಹೆಸರಿನ ಕಾರ್ ರೇಡಿಯೋ ಮಾರಾಟಕ್ಕೆ ತಂದಿತು. ಆಗ ರೇಡಿಯೋದೊಳಗೆ ಗಾಜಿನ ವಾಲ್ವುಗಳಿರುತ್ತಿದ್ದವು. ಅವಕ್ಕೆ ಗಾಡಿಯ ಬ್ಯಾಟರಿಯ ವೋಲ್ಟೇಜ್ ಸಾಲುತ್ತಿರಲಿಲ್ಲ. 1955ರಲ್ಲಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಬಂದ ಮೇಲೆ ಬ್ಯಾಟರಿಯಿಂದಲೇ ನೇರವಾಗಿ ನಡೆಯುವುದು ಸುಲಭವಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು.

ಇತ್ತ ನಮ್ಮಲ್ಲಿ 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂತು. ಎಡದಂಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಕ್ರಮೇಣ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾಯಿತು. ಆಗ ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು, ಪೋಸ್ಟಾಫೀಸಿಗೆ ಹೋಗಿ ಶುಲ್ಕ ಕಟ್ಟಬೇಕಿತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ, ಹೇಳುತ್ತಾರೆ.

ಆ ಕಾಲದ ಗಾಡಿ ರೇಡಿಯೋಗೆ ಒಂದು ವೈರು ಕರೆಂಟಿಗೆ, ಒಂದು ವೈರು ಸ್ಪೀಕರಿಗೆ, ಇಷ್ಟೇ ಸಾಕಾಗುತ್ತಿತ್ತು. ಹಿಂದಿರುಗುವ ದಾರಿಯ ಕೆಲಸವನ್ನು ಗಾಡಿಯ ಕಬ್ಬಿಣವೇ ಮಾಡುತ್ತಿತ್ತು. ಅದನ್ನೇ ಮೆಕ್ಯಾನಿಕ್‌ಗಳು 'ಬಾಡಿ ಅರ್ತ್' ಅನ್ನುವುದು. ಹಳೇ ಬ್ರಿಟಿಷ್ ಗಾಡಿಗಳಲ್ಲಂತೂ ಬಾಡಿಗೆ ಮೈನಸ್ ಬದಲು ಪ್ಲಸ್ ಕೊಟ್ಟಿರುತ್ತಿದ್ದರು. ಅಂಥ ಗಾಡಿಯಲ್ಲಿ ಇಂದಿನ ಟೇಪಿನ ಲೋಹದ ಪೆಟ್ಟಿಗೆ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಮುಂದೆ ಟೇಪಿಗೆ ಗಡಿಯಾರ ಬಂತು, ಸ್ಟೇಷನ್ ನೆನಪಿಡುವ ಶಕ್ತಿ ಬಂತು. ಚಾವಿ ತೆಗೆದರೂ ಅದು ಮರೆಯಬಾರದು. ಅದಕ್ಕಾಗಿ ಸದಾ ಕರೆಂಟ್ ಇರುವ ಹಳದಿ ವೈರು ಬೇರೆಯಾಯಿತು, ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕೆಂಪು ವೈರು ಬೇರೆಯಾಯಿತು. ಕಪ್ಪು ವೈರು ಅರ್ತ್‌ಗೆ. ಕೆಂಪು, ಹಳದಿ ಎರಡನ್ನೂ ಹೆಣೆದು ನೇರ ಬ್ಯಾಟರಿಗೆ ಕೊಟ್ಟರೆ ಚಾವಿ ತೆಗೆದರೂ ಟೇಪು ತಾನಾಗಿ ಬಂದ್ ಆಗುವುದಿಲ್ಲ. ರಾತ್ರಿ ಮರೆತರೆ ಬೆಳಿಗ್ಗೆ ಬ್ಯಾಟರಿ ಕೂತಿರುತ್ತದೆ.

ಇದಕ್ಕಿಂತ ದೊಡ್ಡ ಬದಲಾವಣೆ ಸ್ಪೀಕರ್ ವೈರಿನದು. 12 ವೋಲ್ಟಿನಲ್ಲಿ ಹಳೇ ಪದ್ಧತಿಯ ಆಂಪ್ಲಿಫೈಯರ್ 4 ಓಮ್‌ನ ಸ್ಪೀಕರಿಗೆ ಲೆಕ್ಕದ ಪ್ರಕಾರ ನಾಲ್ಕೂವರೆ ವ್ಯಾಟ್ ಕೊಡಬಲ್ಲದು. ಸದ್ದು ಹೆಚ್ಚಿಸಲು ತಯಾರಕರು ಸ್ಪೀಕರಿನ ಎರಡೂ ತುದಿಯನ್ನು ಎರಡು ಕಡೆಯಿಂದ ನೂಕುವ ಉಪಾಯ ಮಾಡಿದರು. ಅದೇ ಬ್ಯಾಟರಿಯಲ್ಲಿ ಶಕ್ತಿ ನಾಲ್ಕು ಪಟ್ಟಾಯಿತು. ಆದರೆ ಸ್ಪೀಕರಿನ ಮೈನಸ್ ಈಗ ಅರ್ತ್ ಅಲ್ಲ, ಅದರಲ್ಲೂ ಕರೆಂಟ್ ಇರುತ್ತದೆ. ಹಾಗಾಗಿ ನಾಲ್ಕು ಸ್ಪೀಕರಿಗೆ ಎಂಟು ವೈರು. ಮೇಲಿನ ಮೂರು ಸೇರಿದರೆ ಹನ್ನೊಂದು.

ನಮ್ಮ ಗುಂಪಿನ ಒಬ್ಬರ ಮನೆಯ ಹಳೇ ಜೀಪಿಗೆ ಟೇಪು ಹಾಕಿದಾಗ ನಮಗೆ ಇದು ಗೊತ್ತಿರಲಿಲ್ಲ. ಸ್ಪೀಕರಿನ ಒಂದು ತುದಿ ಮೊದಲಿನಿಂದಲೂ ಬಾಡಿಗೇ ಇತ್ತು, ನಾವೂ ಹಾಗೇ ಬಿಟ್ಟೆವು. ಸಂಜೆಯೊಳಗೆ ಟೇಪು ಬಿಸಿಯಾಗಿ ಬಾಯಿ ಮುಚ್ಚಿತು. ಎರಡು ರೂಪಾಯಿಯ ವೈರು ಉಳಿಸಲು ಹೋಗಿ ಇಡೀ ಟೇಪನ್ನೇ ಕಳೆದುಕೊಂಡೆವು.

ಈ ಗೊಂದಲ ತಪ್ಪಿಸಲೆಂದೇ 1995ರಲ್ಲಿ ಐಎಸ್‌ಒ 10487 ಎಂಬ ಅಂತರರಾಷ್ಟ್ರೀಯ ಅಳತೆಯ ಪ್ಲಗ್ ಬಂತು. ಕರೆಂಟಿಗೆ ಒಂದು ಪ್ಲಗ್, ಸ್ಪೀಕರಿಗೆ ಇನ್ನೊಂದು. ಹಳೇ ಗಾಡಿಯಲ್ಲಿ ಅದಿಲ್ಲ, ಅದಕ್ಕೇ ನಾವು ಕತ್ತರಿಸಿ ಹೆಣೆಯುವುದು.

ಹೆಣೆಯಿರಿ, ಆದರೆ ಪ್ರತಿ ಸ್ಪೀಕರಿಗೂ ಎರಡು ಹೊಸ ವೈರು ಎಳೆಯಿರಿ. ಕೈಯಲ್ಲಿ ತಿರುವಿ ಟೇಪ್ ಸುತ್ತಿದ ಜಾಯಿಂಟ್ ಟ್ರ್ಯಾಕ್ಟರಿನ ಅದುರಿಗೆ ಸಡಿಲವಾಗುತ್ತದೆ, ಬೆಸುಗೆ ಹಾಕಿಸಿ. 24 ವೋಲ್ಟಿನ ಲಾರಿಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ, ಎರಡೂ ಬ್ಯಾಟರಿ ಬೇಗ ಸಾಯುತ್ತವೆ. ಎಲ್ಲಕ್ಕಿಂತ ಮುಖ್ಯ, ಬ್ಯಾಟರಿಯಿಂದ ಎಳೆದ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಟೇಪಿನ ಹಿಂದಿನ ಫ್ಯೂಸ್ ಟೇಪನ್ನು ಕಾಯುತ್ತದೆ, ದಾರಿಯಲ್ಲಿ ಸವೆದ ವೈರನ್ನು ಕಾಯುವುದಿಲ್ಲ.

ಸುಗ್ಗಿಯಲ್ಲಿ ಆ ವೈರಿನ ಹಿಂದೆಯೇ ಒಂದು ಟ್ರೇಲರ್ ಒಣಹುಲ್ಲು ಇರುತ್ತದೆ. ಒಂದು ಕಿಡಿ ಸಾಕು.