ಅವನೇ ಹೇಳಿದಂತೆ

ನಿವೃತ್ತಿಯ ಮೇಲೆ ಮೇಷ್ಟರಿಗೆ ಉಳಿಯುವ ಚಪಲಗಳಲ್ಲಿ ಇನ್ನೊಬ್ಬರ ತಪ್ಪು ಹುಡುಕುವುದೂ ಒಂದು. ಮೂವತ್ತು ವರ್ಷಗಳಿಗೂ ಮಿಕ್ಕಿ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಸುಮ್ಮನೆ ಕೂರಲಾರದು. ನನ್ನ ಈ ದೌರ್ಬಲ್ಯವನ್ನು ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ವರ್ಷಗಳ ಹಿಂದೆ ನನಗೊಂದು ಕೆಲಸ ಹಚ್ಚಿದರು. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಯಾರು ಬೇಕಾದರೂ ಹಣ ಕೊಡದೆ ಕೇಳುವಂತೆ ಇಡುವ ಸ್ವಯಂಸೇವಕರ ಬಳಗಗಳಿವೆ. ಅವುಗಳಲ್ಲಿ ಹೆಸರಾದದ್ದು ಲಿಬ್ರಿವಾಕ್ಸ್. ಕೆನಡಾದ ಮಾಂಟ್ರಿಯಲ್ ನಗರದ ಹ್ಯೂ ಮೆಗೈರ್ ಎಂಬವರು 2005ರ ಆಗಸ್ಟ್ ತಿಂಗಳಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ಮೊದಲು ಓದಿದ್ದು ಕಾನ್ರಾಡನ ‘ದಿ ಸೀಕ್ರೆಟ್ ಏಜೆಂಟ್’ ಕಾದಂಬರಿ. ನಾನು ಸೇರಿಕೊಂಡದ್ದು ಅದೇ ಮಾದರಿಯ ಪುಟ್ಟ ಬಳಗವೊಂದನ್ನು. ಒಂದೊಂದು ಅಧ್ಯಾಯವನ್ನು ಒಂದೊಂದು ದೇಶದಲ್ಲಿ ಕುಳಿತ ಒಬ್ಬೊಬ್ಬರು ಓದುತ್ತಾರೆ. ನನ್ನದು ಓದುವ ಕೆಲಸವಲ್ಲ, ಓದಿದ್ದನ್ನು ಕೇಳಿ ತಿದ್ದುವ ಕೆಲಸ.

ಕೆಲಸದ ವಿಧಾನ ಸರಳ. ಮುಂದೆ ಪುಸ್ತಕದ ಪುಟ, ಕಿವಿಯಲ್ಲಿ ಓದುಗರ ಧ್ವನಿ. ವಾಕ್ಯ ಬಿಟ್ಟುಹೋಗಿದ್ದರೆ, ಎರಡು ಸಲ ಬಂದಿದ್ದರೆ, ನಡುವೆ ನಾಯಿ ಬೊಗಳಿದ್ದರೆ ಅಥವಾ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದಿದ್ದರೆ, ಎಷ್ಟನೆಯ ನಿಮಿಷದಲ್ಲಿ ಎಂದು ಗುರುತು ಹಾಕಿಕೊಡಬೇಕು. ಓದುವವರ ಉಚ್ಚಾರಣೆಯನ್ನು, ಭಾವವನ್ನು ಟೀಕಿಸುವಂತಿಲ್ಲ. ಪಠ್ಯಕ್ಕೆ ಒಂದಕ್ಷರ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಹಸ್ತಪ್ರತಿಗಳ ಸಹವಾಸ ಮಾಡಿದವರಿಗೆ ಈ ನಿಯಮ ಹೊಸದೇನಲ್ಲ. ಓಲೆಗರಿಯ ಲಿಪಿಕಾರರು ಪ್ರತಿಯನ್ನು ಮುಗಿಸುವಾಗ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂಬ ಅರ್ಥದ ಮಾತೊಂದನ್ನು ಸೇರಿಸುತ್ತಿದ್ದರು. ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವಾಗ ಅದನ್ನು ವಿನಯವೆಂದು ವಿವರಿಸುತ್ತಿದ್ದೆ. ಅದರಲ್ಲಿ ವಿನಯದಷ್ಟೇ ಜಾಣತನವೂ ಇದೆಯೆಂದು ನನಗೆ ಅರಿವಾದದ್ದು, ಲೂಯಿ ದ ರೂಜ್‌ಮಾಂಟ್ ಎಂಬವನ ಆತ್ಮಕಥೆ ನನ್ನ ಪಾಲಿಗೆ ಬಂದಾಗ.

1899ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕದ ಹೆಸರು ‘ಲೂಯಿ ದ ರೂಜ್‌ಮಾಂಟನ ಸಾಹಸಗಳು’. ಕೆಳಗೆ, ‘ಅವನೇ ಹೇಳಿದಂತೆ’ ಎಂಬ ಉಪಶೀರ್ಷಿಕೆ. ಮುತ್ತು ತೆಗೆಯುವ ಹಡಗೊಂದರಲ್ಲಿ ಹೊರಟ ಯುವಕ ಸಮುದ್ರದ ಪಾಲಾಗುತ್ತಾನೆ. ನಾಯಿಯೊಂದರ ಜೊತೆ ಮರಳುದಿಬ್ಬದ ಮೇಲೆ ಒಂಟಿಯಾಗಿ ಬದುಕುತ್ತಾನೆ. ಮುಂದೆ ಆಸ್ಟ್ರೇಲಿಯದ ಉತ್ತರತೀರವನ್ನು ಸೇರಿ, ಅಲ್ಲಿಯ ಮೂಲನಿವಾಸಿಗಳ ನಡುವೆ ಯಾಂಬ ಎಂಬವಳನ್ನು ಮದುವೆಯಾಗಿ, ಸುಮಾರು ಮೂವತ್ತು ವರ್ಷ ಅವರ ನಾಯಕನಂತೆ ಕಳೆಯುತ್ತಾನೆ. ಇದು ಕಥೆಯ ಎಲುಬು. ಮಾಂಸವೆಲ್ಲ ಸ್ವಾರಸ್ಯಕರವಾದದ್ದು. ಕಡಲಾಮೆಯ ಬೆನ್ನೇರಿ ಸವಾರಿ ಮಾಡುತ್ತಿದ್ದನಂತೆ. ಎಡಕ್ಕೆ ತಿರುಗಿಸಬೇಕಾದರೆ ಕಾಲಿನಿಂದ ಆಮೆಯ ಬಲಗಣ್ಣು ಮುಚ್ಚುವುದು, ಬಲಕ್ಕೆ ತಿರುಗಿಸಬೇಕಾದರೆ ಎಡಗಣ್ಣು. ಎರಡೂ ಮುಚ್ಚಿದರೆ ಆಮೆ ನಿಂತೇಬಿಡುವುದು! ನಮ್ಮ ಕಡೆ ಇದಕ್ಕೆ ಕಾಗೆ ಹಾರಿಸುವುದು ಎನ್ನುತ್ತೇವೆ. ಈತ ಹಾರಿಸಿದ್ದು ಕಾಗೆಯನ್ನಲ್ಲ, ವಾಂಬ್ಯಾಟ್ ಎಂಬ ಪ್ರಾಣಿಯನ್ನು. ನೆಲದಲ್ಲಿ ಬಿಲ ತೋಡಿ ಬದುಕುವ, ಕುಳ್ಳ ಕಾಲಿನ ಆ ಪ್ರಾಣಿ ಅವನ ಮಾತಿನಲ್ಲಿ ರೆಕ್ಕೆ ಪಡೆದು ಆಕಾಶಕ್ಕೇರಿತು.

ಇದನ್ನು ಜನ ನಂಬಿದರೇ ಎಂದು ನೀವು ಕೇಳಬಹುದು. ನಂಬಿದರು. ಪುಸ್ತಕವಾಗುವ ಮೊದಲು ಇದು 1898ರ ಆಗಸ್ಟಿನಿಂದ ಜಾರ್ಜ್ ನ್ಯೂನ್ಸರ ‘ದಿ ವೈಡ್ ವರ್ಲ್ಡ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸತ್ಯವು ಕಲ್ಪನೆಗಿಂತ ವಿಚಿತ್ರ ಎಂಬುದೇ ಆ ಪತ್ರಿಕೆಯ ಧ್ಯೇಯವಾಕ್ಯ. ರೂಜ್‌ಮಾಂಟ್ ಕಥೆ ಹೇಳಿದ. ಸಂಪಾದಕ ಫಿಟ್ಸ್‌ಜೆರಾಲ್ಡ್ ಅದನ್ನು ಬರಹಕ್ಕಿಳಿಸಿದ. ಭೂಗೋಳ ವಿದ್ವಾಂಸರಾದ ಕೆಲ್ಟಿ ಮತ್ತು ಮಿಲ್ ಅವನೊಡನೆ ಮಾತನಾಡಿ ಒಪ್ಪಿದರೆಂದು ಪತ್ರಿಕೆ ಸಾರಿತು. ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನದಲ್ಲಿಯೇ ಅವನು ಭಾಷಣ ಮಾಡಿದ. ವಿದ್ವತ್ಸಭೆಯ ವೇದಿಕೆಯ ಮೇಲೆ ನಿಂತವನ ಮಾತಿಗೆ ಅರ್ಧ ಪ್ರಾಮಾಣ್ಯವನ್ನು ವೇದಿಕೆಯೇ ಒದಗಿಸಿಬಿಡುತ್ತದೆ. ಇದು ಅಲ್ಲಿಗಷ್ಟೇ ಸೀಮಿತವಾದ ಮಾತಲ್ಲ.

‘ಡೈಲಿ ಕ್ರಾನಿಕಲ್’ ಪತ್ರಿಕೆ ಅನುಮಾನಿಸಿತು. ಒಂದೆರಡು ತಿಂಗಳಲ್ಲಿ ಗುಟ್ಟು ಹೊರಬಿತ್ತು. ಇವನು ಹೆನ್ರಿ ಲೂಯಿ ಗ್ರಿನ್; 1847ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು. ನಟಿ ಫ್ಯಾನಿ ಕೆಂಬಲ್‌ಳ ಸೇವಕನಾಗಿದ್ದ. 1875ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗವರ್ನರ್ ರಾಬಿನ್ಸನ್ನರ ಮನೆಯಲ್ಲಿ ಬಟ್ಲರನಾಗಿ ಅಲ್ಲಿಗೆ ಹೋದ. ಸ್ವಲ್ಪ ಕಾಲ ಮುತ್ತಿನ ವ್ಯಾಪಾರಕ್ಕೆ ದೋಣಿ ಇಟ್ಟುಕೊಂಡಿದ್ದ. 1882ರಲ್ಲಿ ಸಿಡ್ನಿಯಲ್ಲಿ ಮದುವೆಯಾಗಿ, ಮುಂದೆ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ. ಉಳಿದ ಸಾಮಗ್ರಿ ಸಿಕ್ಕಿದ್ದು ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ. ಆದರೂ ಪುಸ್ತಕ ಅಚ್ಚಾಯಿತು. ಮರ್ಯಾದೆ ಹೋದ ಮೇಲೂ ಮಾರಾಟವಾಗುವ ಸರಕು ಅದು. ಅವನೂ ಬಲು ಗಟ್ಟಿಗ. ಭೂಮಿಯ ಮೇಲಿನ ಅತಿ ದೊಡ್ಡ ಸುಳ್ಳುಗಾರನೆಂದು ತನ್ನನ್ನೇ ಜಾಹೀರು ಮಾಡಿಕೊಂಡು ದಕ್ಷಿಣ ಆಫ್ರಿಕದಲ್ಲಿ ಸಂಚರಿಸಿದ. 1901ರಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಮಾತ್ರ ಜನ ಕೂಗಿ ವೇದಿಕೆಯಿಂದ ಇಳಿಸಿದರು. 1906ರಲ್ಲಿ ಲಂಡನ್ನಿನ ಹಿಪ್ಪೊಡ್ರೋಮ್ ರಂಗಮಂದಿರದ ನೀರಿನ ತೊಟ್ಟಿಯಲ್ಲಿ ನಿಜವಾಗಿಯೂ ಆಮೆ ಸವಾರಿ ಮಾಡಿ ತೋರಿಸಿದನಂತೆ. 1921ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಆಗ ಅವನ ಹೆಸರು ಲೂಯಿ ರೆಡ್‌ಮನ್.

ಇಷ್ಟೆಲ್ಲ ತಿಳಿದೇ ನಾನು ಕೇಳಲು ಕುಳಿತೆ. ಸುಳ್ಳೆಂದು ಗೊತ್ತಿರುವುದರಿಂದ ಅಪಾಯವಿಲ್ಲ, ನಕ್ಕು ಮುಗಿಸಬಹುದು ಎಂದುಕೊಂಡಿದ್ದೆ. ಪುಟದ ಮೇಲೆ ಓದುವಾಗ ಹಾಗೆಯೇ ಆಯಿತು. ಕಿವಿಗೆ ಬಿದ್ದಾಗ ಹಾಗಾಗಲಿಲ್ಲ. ‘ನಾನು ಕಂಡೆ’ ಎಂದು ಅಚ್ಚಿನಲ್ಲಿದ್ದರೆ ಆ ‘ನಾನು’ ಗ್ರಿನ್. ಅದನ್ನೇ ಯಾರೋ ಸಂಭಾವಿತ ನಿವೃತ್ತ ಗುಮಾಸ್ತರೊಬ್ಬರು ತಮ್ಮ ನಿಧಾನವಾದ, ಕೆಮ್ಮನ್ನು ತಡೆದುಕೊಂಡ ಧ್ವನಿಯಲ್ಲಿ ಹೇಳಿದರೆ, ಅವರ ಸಜ್ಜನಿಕೆಯೆಲ್ಲ ಆ ‘ನಾನು’ ಎಂಬುದಕ್ಕೆ ಸಾಲವಾಗಿ ಸಂದುಹೋಗುತ್ತದೆ. ಒಂದು ಕಾಕತಾಳೀಯವನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳ ರೂಪದಲ್ಲಿ ಮೊದಲು ಹೊರಟದ್ದು 1935ರ ನವೆಂಬರಿನಲ್ಲಿ. ಆ ಮೊದಲ ಕಂತಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಇತ್ತು. ಓದದವರಿಗೆ ರಸಭಂಗವಾಗದಂತೆ ಇಷ್ಟು ಹೇಳುತ್ತೇನೆ: ಆ ಕಾದಂಬರಿಯಲ್ಲಿ ಕಥೆ ಹೇಳುವವನ ಮಾತನ್ನು ಪೂರ್ತಿ ನಂಬಿದವರು ಮೋಸಹೋಗುತ್ತಾರೆ.

ನಗೆ ನನ್ನಲ್ಲಿ ಮೊದಲು ಉಡುಗಿದ್ದು ಗಿಬ್ಸನ್ನನ ಪ್ರಸಂಗದಲ್ಲಿ. 1874ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಅನ್ವೇಷಕ ಅರ್ನೆಸ್ಟ್ ಗೈಲ್ಸನೂ ಸಂಗಡಿಗ ಆಲ್‌ಫ್ರೆಡ್ ಗಿಬ್ಸನ್ನನೂ ನೀರಿಲ್ಲದೆ ಸಿಕ್ಕಿಕೊಂಡರು. ಉಳಿದದ್ದು ಒಂದೇ ಕುದುರೆ. ಗೈಲ್ಸ್ ಅದನ್ನು ಗಿಬ್ಸನ್ನನಿಗೆ ಕೊಟ್ಟು, ಬಿಡಾರಕ್ಕೆ ಹೋಗಿ ಸಹಾಯ ತಾ ಎಂದು ಕಳಿಸಿದ. ತಾನು ನೀರಿನ ಪೀಪಾಯಿಯನ್ನು ಹೊತ್ತು ಕಾಲ್ನಡಿಗೆಯಲ್ಲಿ ಹೊರಟ. ಗೈಲ್ಸ್ ಹೇಗೋ ಬದುಕಿ ಬಂದ. ಕುದುರೆಯ ಮೇಲೆ ಹೋದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಮರುಭೂಮಿಗೆ ಇಂದಿಗೂ ಅವನದೇ ಹೆಸರು. ಗ್ರಿನ್ ತನ್ನ ಕಥೆಯಲ್ಲಿ ಈ ಗಿಬ್ಸನ್ನನನ್ನು ಬುದ್ಧಿಗೆಟ್ಟ ಸ್ಥಿತಿಯಲ್ಲಿ ಕಂಡು, ಉಪಚರಿಸಿ, ಕೊನೆಗೆ ಮಣ್ಣು ಮಾಡುತ್ತಾನೆ. ಅಲ್ಲಗಳೆಯಬಲ್ಲ ಗೈಲ್ಸ್ 1897ರಲ್ಲಿಯೇ ತೀರಿಕೊಂಡಿದ್ದ; ಧಾರಾವಾಹಿ ಆರಂಭವಾದದ್ದು ಮರುವರ್ಷ. ಗಿಬ್ಸನ್ನನ ಮನೆಯವರು ಯಾರಾದರೂ ಅದನ್ನು ಓದಿದ್ದರೆ ಎಂಬ ಯೋಚನೆ ನನ್ನನ್ನು ಆ ಸಂಜೆಯೆಲ್ಲ ಕಾಡಿತು. ಆಮೆಯ ಕಣ್ಣು ಮುಚ್ಚುವುದು ಬೇರೆ, ನಿಜವಾಗಿ ಸತ್ತವನೊಬ್ಬನ ಸಾವನ್ನು ಕದಿಯುವುದು ಬೇರೆ.

ಆದರೆ ಗಿಬ್ಸನ್ನನಿಗೆ ಗೈಲ್ಸನ ಪುಸ್ತಕವಾದರೂ ಸಾಕ್ಷಿಯಾಗಿತ್ತು. ಯಾಂಬಳಿಗೆ ಯಾರಿದ್ದಾರೆ? ಅವಳಿದ್ದಳೆಂಬುದಕ್ಕೆ ಗ್ರಿನ್ನನ ಮಾತಲ್ಲದೆ ಬೇರೆ ಆಧಾರವಿಲ್ಲ. ಪುಸ್ತಕದಲ್ಲಿ ಅವಳಷ್ಟು ಬುದ್ಧಿವಂತೆ, ಅವಳಷ್ಟು ನಿಷ್ಠಾವಂತೆ ಇನ್ನೊಬ್ಬರಿಲ್ಲ. ಅಂಥವಳ ಬಗ್ಗೆ ಅವನು ಹೇಳುವ ಒಂದು ಸಂಗತಿ ಹೀಗಿದೆ: ತಾನು ಜ್ವರದಿಂದ ಮಲಗಿದ್ದಾಗ ಅವಳು ಗಂಡುಮಗುವನ್ನು ಹೆತ್ತಳು, ಇಬ್ಬರನ್ನೂ ಸಾಕಲಾರದೆ ಗಂಡನನ್ನು ಉಳಿಸಿಕೊಳ್ಳಲೆಂದು ಮಗುವನ್ನು ಕೊಂದು ತಿಂದಳು. ಇದನ್ನು ಅವನು ಅವಳ ಪ್ರೇಮಕ್ಕೆ ನಿದರ್ಶನವೆಂಬಂತೆ ಹೇಳುತ್ತಾನೆ.

ಈ ಅಧ್ಯಾಯವನ್ನು ಓದಿದವರು ಆಸ್ಟ್ರೇಲಿಯದ ಮಹಿಳೆ. ಸೊಗಸಾದ ಓದು, ಅದುವರೆಗೆ ಅವರ ಒಂದು ವಾಕ್ಯದಲ್ಲಿಯೂ ನನಗೆ ತಪ್ಪು ಸಿಕ್ಕಿರಲಿಲ್ಲ. ಮಗುವಿನ ಪ್ರಸಂಗಕ್ಕೆ ಬಂದಾಗ ಕಿವಿಗೂ ಕಣ್ಣಿಗೂ ತಾಳ ತಪ್ಪಿತು. ಹಿಂದಕ್ಕೆ ತಿರುಗಿಸಿ ಕೇಳಿದೆ. ನಾಲ್ಕಾರು ವಾಕ್ಯಗಳಿರಲಿಲ್ಲ. ಲೋಪವೆಂದು ಗುರುತು ಹಾಕಿ ಕಳಿಸಿದೆ. ಮರುದಿನ ಅವರ ಉತ್ತರ ಬಂತು. ಅದು ಕಣ್ತಪ್ಪಲ್ಲ, ಬೇಕೆಂದೇ ಬಿಟ್ಟದ್ದು. ತಾನು ಶಾಲೆಯಲ್ಲಿ ಪಾಠ ಹೇಳುವವಳು, ತನ್ನ ತರಗತಿಯಲ್ಲಿ ಆ ಜನರ ಮಕ್ಕಳಿದ್ದಾರೆ, ಅವರ ಅಜ್ಜಿಯರ ಮೇಲೆ ಹೊರಿಸಿದ ಇಂಥ ಸುಳ್ಳನ್ನು ತನ್ನ ಬಾಯಿಂದ ಆಡಲಾರೆ ಎಂದು ಬರೆದಿದ್ದರು.

ನಾನು ಎರಡು ದಿನ ಉತ್ತರಿಸಲಿಲ್ಲ. ಆ ಕಾಲದ ಆಸ್ಟ್ರೇಲಿಯದ ಇತಿಹಾಸವನ್ನು ತೆಗೆದು ಓದಿದೆ. ಧಾರಾವಾಹಿಗೆ ಒಂದು ವರ್ಷ ಮೊದಲು, 1897ರಲ್ಲಿ, ಕ್ವೀನ್ಸ್‌ಲೆಂಡ್ ಸರ್ಕಾರ ರಕ್ಷಣೆಯ ಹೆಸರಿನಲ್ಲಿ ಒಂದು ಕಾಯಿದೆ ಮಾಡಿ, ಮೂಲನಿವಾಸಿಗಳನ್ನು ಹಿಡಿದು ಮೀಸಲು ನೆಲೆಗಳಲ್ಲಿ ಇಡುವ ಅಧಿಕಾರ ಪಡೆಯಿತು. 1905ರ ಪಶ್ಚಿಮ ಆಸ್ಟ್ರೇಲಿಯದ ಕಾಯಿದೆ, ಹದಿನಾರು ವರ್ಷದೊಳಗಿನ ಅವರ ಮಕ್ಕಳಿಗೆಲ್ಲ ತಾಯಿಯನ್ನು ಬದಿಗಿಟ್ಟು ಸರ್ಕಾರಿ ಅಧಿಕಾರಿಯನ್ನೇ ಪೋಷಕನನ್ನಾಗಿ ಮಾಡಿತು. ಸಾವಿರಾರು ಮಕ್ಕಳನ್ನು ಎತ್ತಿಕೊಂಡು ಹೋದದ್ದು ಇಂಥ ಕಾಯಿದೆಗಳ ಬಲದಿಂದ. ಗ್ರಿನ್ನನ ಕಥೆಯಿಂದ ಕಾಯಿದೆ ಹುಟ್ಟಿತೆಂದು ನಾನು ಹೇಳುವುದಿಲ್ಲ. ಇತಿಹಾಸದಲ್ಲಿ ಕಾರಣವನ್ನು ಅಷ್ಟು ಸುಲಭವಾಗಿ ಕಟ್ಟಬಾರದು. ಆದರೆ ಆ ತಾಯಂದಿರು ಮಕ್ಕಳನ್ನು ತಿನ್ನುವವರೆಂದು ಲಂಡನ್ನಿನ ಸಂಭಾವಿತರು ಚಹಾ ಕುಡಿಯುತ್ತಾ ಓದಿದ್ದೂ, ಆ ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡದ್ದೂ ಒಂದೇ ಕಾಲದ ಸಂಗತಿಗಳು.

ಹಾಗಾದರೆ ಆ ವಾಕ್ಯಗಳನ್ನು ಬಿಟ್ಟುಬಿಡೋಣವೇ? ನನ್ನ ಮನಸ್ಸು ಅತ್ತ ವಾಲಿದ್ದು ನಿಜ. ತಡೆದದ್ದು ಹಳೆಯ ವೃತ್ತಿಯ ಅಭ್ಯಾಸ. ಕುಲಗೆಟ್ಟ ವಾಕ್ಯವನ್ನು ತೆಗೆದುಬಿಟ್ಟರೆ ಉಳಿಯುವ ಪುಸ್ತಕದಲ್ಲಿ ಆಮೆಯಿರುತ್ತದೆ, ವಿನೋದವಿರುತ್ತದೆ, ನಲ್ಮೆಯ ಯಾಂಬ ಇರುತ್ತಾಳೆ. ಗ್ರಿನ್ ತುಂಟ ಮುದುಕನಾಗಿ ಎಲ್ಲರಿಗೂ ಪ್ರಿಯನಾಗುತ್ತಾನೆ. ನಾವು ತಿದ್ದಿ ಉಪಕಾರ ಮಾಡುವುದು ಯಾಂಬಳಿಗಲ್ಲ, ಅವನಿಗೆ. ಇದನ್ನೇ ಆ ಮಹಿಳೆಗೆ ಬರೆದೆ. ನಿಮಗೆ ಆಗದಿದ್ದರೆ ಆ ಅಧ್ಯಾಯವನ್ನು ಬೇರೆಯವರು ಓದಲಿ, ಅದರಲ್ಲಿ ಅವಮಾನವೇನೂ ಇಲ್ಲ ಎಂದೂ ಸೇರಿಸಿದೆ. ಧ್ವನಿಮುದ್ರಣದ ನಡುವೆ ಟಿಪ್ಪಣಿ ಹೇಳಲು ನಿಯಮ ಒಪ್ಪದು. ಪುಸ್ತಕದ ಪರಿಚಯವೆಂದು ಬಳಗದವರು ಪ್ರಕಟಿಸುವ ನಾಲ್ಕು ಸಾಲುಗಳಲ್ಲಿ, ಹೇಳಿದವನು ಯಾರು, ಅವನ ಮಾತಿಗೆ ಆಧಾರವೆಷ್ಟು ಎಂಬುದನ್ನು ಬಿಚ್ಚಿ ಬರೆಯೋಣವೆಂದು ಸಂಯೋಜಕರನ್ನು ಕೇಳಿಕೊಂಡೆ. ಅವರು ಒಪ್ಪಿದರು. ಧ್ವನಿಯೊಂದನ್ನೇ ಇಳಿಸಿಕೊಂಡು ಕೇಳುವವರಿಗೆ ಆ ಸಾಲುಗಳು ತಲುಪಲಾರವು. ಅದಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ, ಈಗಲೂ ಇಲ್ಲ.

ಮೂರು ವಾರಗಳ ಮೇಲೆ ಆ ಅಧ್ಯಾಯ ಮತ್ತೆ ಬಂತು, ಆಕೆಯ ಧ್ವನಿಯಲ್ಲಿಯೇ. ಬಿಟ್ಟ ವಾಕ್ಯಗಳೆಲ್ಲ ಇದ್ದವು. ಏರಿಳಿತವಿಲ್ಲದೆ, ನ್ಯಾಯಾಲಯದಲ್ಲಿ ಗುಮಾಸ್ತರು ಆರೋಪಪಟ್ಟಿಯನ್ನು ಓದುವಂತೆ ಓದಿದ್ದರು. ಪುಟದೊಡನೆ ಹೋಲಿಸಿ ನೋಡಿದೆ, ಒಂದಕ್ಷರವೂ ತಪ್ಪಿರಲಿಲ್ಲ. ಸರಿಯಿದೆ ಎಂದು ಬರೆದು ಕಳಿಸಿದೆ. ಕೇಳಿ ತಿದ್ದಿದವರ ಹೆಸರು ಹಾಕಬೇಕೇ ಬೇಡವೇ ಎಂದು ಸಂಯೋಜಕರು ಕೇಳಿದರು. ಹಾಕಿ ಎಂದೆ.