ಟೆಲಿಫೋನ್ ಯಂತ್ರದೊಳಗಿನ ಎರಡು ಅಂತರಗಳು

ಶಿರಾ 08135, ಪಾವಗಡ 08136, ಮಧುಗಿರಿ 08137, ಕೊರಟಗೆರೆ 08138. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಎಸ್‌ಟಿಡಿ ಸಂಖ್ಯೆಗಳು ಹೀಗೆ ಸಾಲಾಗಿ ಒಂದರ ಪಕ್ಕ ಒಂದು ನಿಂತಿವೆ. ಪ್ರತಿಯೊಂದರ ಹಿಂದೆಯೂ ದೂರವಾಣಿ ವಿನಿಮಯ ಕೇಂದ್ರಗಳಿದ್ದವು. ಅವುಗಳೊಳಗಿನ ಮಂಡಲ ಫಲಕಗಳಲ್ಲಿ ತಾಮ್ರದ ಪಟ್ಟಿಗಳು ಕೆಲವೇ ಮಿಲಿಮೀಟರ್ ದೂರದಲ್ಲಿ ಅಕ್ಕಪಕ್ಕ ಹಾಯುತ್ತಿದ್ದವು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ವಿದ್ಯುತ್ತು ದಾಟದಂತೆ ಅವುಗಳ ನಡುವೆ ಎಷ್ಟು ದೂರ ಬಿಡಬೇಕು? ಪ್ರಶ್ನೆ ಸಣ್ಣದು. ಉತ್ತರ ದೊರೆಯಲು ಸುಮಾರು ನೂರು ವರ್ಷ ಹಿಡಿಯಿತು.

ತಡವಾದದ್ದಕ್ಕೆ ಕಾರಣವಿದೆ. ವಿದ್ಯುತ್ತು ದಾಟುವ ದಾರಿ ಒಂದಲ್ಲ, ಎರಡು. ನಡುವೆ ಕಾಲುವೆಯಿರುವ ಒಂದು ಹೊಲವನ್ನು ಊಹಿಸಿಕೊಳ್ಳಿ. ಈ ಬದಿಯ ಬದುವಿನಿಂದ ಆ ಬದಿಯ ಬದುವಿಗೆ ಹಕ್ಕಿ ನೇರವಾಗಿ ಹಾರುತ್ತದೆ. ಇರುವೆಗಾದರೋ ಕಾಲುವೆಗೆ ಇಳಿದು, ತಳ ದಾಟಿ, ಮತ್ತೆ ಏರದೆ ಬೇರೆ ದಾರಿಯಿಲ್ಲ. ಎರಡು ವಾಹಕಗಳ ನಡುವೆ ಹಕ್ಕಿಯ ದಾರಿಯನ್ನು ಎಂಜಿನಿಯರರು ಕ್ಲಿಯರೆನ್ಸ್ ಎನ್ನುತ್ತಾರೆ. ಅದು ಗಾಳಿಯಲ್ಲಿನ ಕನಿಷ್ಠ ದೂರ. ಇರುವೆಯ ದಾರಿಗೆ ಕ್ರೀಪೇಜ್ ಎಂದು ಹೆಸರು. ಅದು ಅವಾಹಕದ ಮೇಲ್ಮೈಯನ್ನು ಅನುಸರಿಸಿ ಅಳೆದ ದೂರ. ಎರಡೂ ಕೆಡುವ ಬಗೆ ಬೇರೆ, ಕೆಡಲು ಬೇಕಾದ ಕಾಲವೂ ಬೇರೆ.

ಗಾಳಿಯ ದಾರಿ ಮೊದಲು ತಿಳಿಯಿತು. 1889ರಲ್ಲಿ ಜರ್ಮನಿಯ ಫ್ರೀಡ್ರಿಶ್ ಪಾಶೆನ್, ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ವಾಹಕಗಳ ನಡುವಿನ ದೂರ ಇವೆರಡರ ಗುಣಲಬ್ಧವನ್ನು ಅವಲಂಬಿಸುತ್ತದೆಂದು ತೋರಿಸಿದ. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಸುಮಾರು 30,000 ವೋಲ್ಟ್ ಬೇಕು. ದೂರ ಕಡಿಮೆಯಾದಂತೆ ಈ ವೋಲ್ಟೇಜೂ ಇಳಿಯುತ್ತದೆ. ಆದರೆ ಸೊನ್ನೆಯವರೆಗೆ ಇಳಿಯುವುದಿಲ್ಲ. ಗಾಳಿಗೆ ಸುಮಾರು 327 ವೋಲ್ಟ್ ಕನಿಷ್ಠ ಮಿತಿ. ಅಂತರ ಅತಿ ಕಿರಿದಾದರೆ, ಓಡುವ ಇಲೆಕ್ಟ್ರಾನಿಗೆ ಢಿಕ್ಕಿ ಹೊಡೆದು ಅಯಾನೀಕರಿಸಲು ಸಾಕಷ್ಟು ಅಣುಗಳೇ ದಾರಿಯಲ್ಲಿ ಸಿಗುವುದಿಲ್ಲ. (ಕೆಲವೇ ಮೈಕ್ರಾನಿನ ಅಂತರಗಳಲ್ಲಿ ಬೇರೆ ವಿದ್ಯಮಾನಗಳು ತಲೆಹಾಕುತ್ತವೆ, ಅದು ಇಲ್ಲಿ ಬೇಡ.)

ಈಗ ಒಂದು ಸಣ್ಣ ಲೆಕ್ಕ ಮಾಡಿ. ವಿನಿಮಯ ಕೇಂದ್ರದ ಬ್ಯಾಟರಿ 48 ವೋಲ್ಟಿನದು. ಗಂಟೆ ಬಾರಿಸಲು ಅದರ ಮೇಲೆ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಸೇರುತ್ತದೆ. ಅದರ ಶೃಂಗಮೌಲ್ಯ 106. ಎರಡೂ ಕೂಡಿದರೆ 154 ವೋಲ್ಟ್. 327ರ ಅರ್ಧವೂ ಆಗಲಿಲ್ಲ. ಎಂದರೆ, ಎಂದಿನ ಕೆಲಸದಲ್ಲಿ ಟೆಲಿಫೋನ್ ತಂತಿಗಳ ನಡುವೆ ಗಾಳಿಯಲ್ಲಿ ಕಿಡಿ ಹಾರುವ ಮಾತೇ ಇಲ್ಲ. ಹಾಗಾದರೆ ತಂತಿಗಳನ್ನು ಎಷ್ಟು ಹತ್ತಿರ ಬೇಕಾದರೂ ಇಡಬಹುದೆ?

ಇದಕ್ಕೆ ಉತ್ತರ ಅಮೆರಿಕದ ಬೆಲ್ ಪ್ರಯೋಗಾಲಯದಿಂದ ಬಂತು. 1955ರಲ್ಲಿ ಕೋಮನ್, ಹರ್ಮನ್ಸ್ ಮತ್ತು ಡೌನ್ಸ್ ಎಂಬ ಮೂವರು ಬೆಳ್ಳಿಯ ವಲಸೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ದೂರವಾಣಿ ಉಪಕರಣಗಳಲ್ಲಿ ಅವಾಹಕಕ್ಕೆ ತಾಗಿಕೊಂಡಿದ್ದ ಬೆಳ್ಳಿ, ತೇವವಿದ್ದಾಗ, ನೇರ ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕಿ ನಿಧಾನವಾಗಿ ಸ್ಥಳಾಂತರಗೊಳ್ಳುತ್ತಿತ್ತು. ಧನ ವಿಭವದ ಬೆಳ್ಳಿ ತೇವದ ತೆಳುಪದರದಲ್ಲಿ ಅಯಾನಾಗಿ ಕರಗಿ, ಋಣದ ಕಡೆ ಹರಿದು, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಕವಲುಕವಲಾಗಿ ಬೆಳೆದ ಆ ಲೋಹ ಒಂದು ದಿನ ಎರಡೂ ವಾಹಕಗಳಿಗೆ ಸೇತುವೆಯಾಗುತ್ತದೆ. ಪ್ರೌಢಶಾಲೆಯಲ್ಲಿ ನಾವು ಬೀಕರಿನಲ್ಲಿ ಮಾಡಿ ತೋರಿಸುವ ವಿದ್ಯುಲ್ಲೇಪನವೇ ಇದು; ಬೀಕರಿನ ಬದಲು ತೇವದ ಒಂದು ಪೊರೆ, ನಿಮಿಷಗಳ ಬದಲು ತಿಂಗಳು, ವರ್ಷ. ಇದಕ್ಕೆ 327 ವೋಲ್ಟ್ ಬೇಕಿಲ್ಲ, 48 ಧಾರಾಳ.

ಇದೇ ರಸಾಯನಕ್ರಿಯೆಯ ಇನ್ನೊಂದು ಮುಖ ಟೆಲಿಫೋನ್ ಎಂಜಿನಿಯರರಿಗೆ ಬಹಳ ಹಿಂದೆಯೇ ಪರಿಚಿತ. ವಿನಿಮಯ ಕೇಂದ್ರದ ಬ್ಯಾಟರಿಯಲ್ಲಿ ನೆಲಕ್ಕೆ ಜೋಡಿಸುವುದು ಧನಾಗ್ರವನ್ನು. ಏಕೆಂದು ಯೋಚಿಸಿದ್ದೀರಾ? ತಂತಿ ನೆಲಕ್ಕಿಂತ ಋಣ ವಿಭವದಲ್ಲಿದ್ದರೆ, ಹೂತ ಕೇಬಲಿಗೆ ನೀರು ಹೊಕ್ಕರೂ ತಾಮ್ರ ಕರಗಿ ಹೋಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ಮೊದಲಿನ ಇಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು ಹವಾನಿಯಂತ್ರಿತ ಕೋಣೆ ಬೇಡುತ್ತಿದ್ದವು. ಹಳ್ಳಿಯಲ್ಲಿ ಅದೆಲ್ಲಿಂದ ಬರಬೇಕು? 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆ ನಡೆಯುವ 128 ಪೋರ್ಟುಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅಂಥ ಮೊದಲನೆಯದು 1986ರ ಜುಲೈಯಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲೇ. ಮುಂದೆ ಇಂಥವು ದೇಶದ ಸಾವಿರಾರು ಹಳ್ಳಿಗಳನ್ನು ಮುಟ್ಟಿದವು. ಹವಾನಿಯಂತ್ರಣ ಬೇಡವೆಂದರೆ ಕಿಟಕಿ ತೆರೆದಿರುತ್ತದೆ, ಧೂಳು ಒಳಗೆ ಬರುತ್ತದೆ ಎಂದೇ ಅರ್ಥ. ಪಾವಗಡ, ಶಿರಾಗಳ ಬೇಸಿಗೆ ಕಂಡವರಿಗೆ ಆ ಧೂಳನ್ನು ಬಣ್ಣಿಸಬೇಕಿಲ್ಲ. ಒಣಗಿರುವಾಗ ಅದು ಸಾಧು. ಮುಂಗಾರುಪೂರ್ವದ ಮೊದಲ ಮಳೆಯ ತೇವ ಹೀರಿದೊಡನೆ, ಅದರಲ್ಲಿರುವ ಲವಣಗಳು ಕರಗಿ ಧೂಳು ವಾಹಕವಾಗುತ್ತದೆ. ಆಗ ಇರುವೆಯ ದಾರಿ ತೆರೆದಂತೆ.

ಅದೇ 1986ರಲ್ಲಿ ಅಂತರರಾಷ್ಟ್ರೀಯ ಇಲೆಕ್ಟ್ರೋಟೆಕ್ನಿಕಲ್ ಆಯೋಗವು, ಕಚೇರಿ ಯಂತ್ರ ಮತ್ತು ದತ್ತ ಸಂಸ್ಕರಣ ಯಂತ್ರಗಳಿಗೆ ಪ್ರತ್ಯೇಕವಾಗಿದ್ದ ಎರಡು ಸುರಕ್ಷತಾ ಮಾನಕಗಳನ್ನು ಕೂಡಿಸಿ 950 ಎಂಬ ಒಂದೇ ಮಾನಕ ಹೊರಡಿಸಿತು. ಮುಂದೆ 60950 ಎಂದಾದ ಇದರ ಕೋಷ್ಟಕಗಳನ್ನು ನೋಡಿದರೆ ಧೂಳಿಗೂ ಅಲ್ಲೊಂದು ದರ್ಜೆ ಕೊಟ್ಟಿರುವುದು ಕಾಣುತ್ತದೆ. ಕಚೇರಿಯ ಸಾಮಾನ್ಯ ವಾತಾವರಣ ಎರಡನೆಯ ದರ್ಜೆ. ತೇವದಿಂದ ವಾಹಕವಾಗಬಲ್ಲ ಧೂಳಿದ್ದರೆ ಮೂರನೆಯದು. ಸಾಮಾನ್ಯ ಫಲಕದ ಮೇಲೆ 250 ವೋಲ್ಟಿಗೆ ಎರಡನೆಯ ದರ್ಜೆಯಲ್ಲಿ ಕ್ರೀಪೇಜ್ 2.5 ಮಿ.ಮೀ. ಇದ್ದರೆ ಸಾಕು, ಮೂರನೆಯದರಲ್ಲಿ 4 ಮಿ.ಮೀ. ಬೇಕು. ಫಲಕದ ವಸ್ತುವಿಗೂ ಪರೀಕ್ಷೆಯುಂಟು. ವೋಲ್ಟೇಜಿನಲ್ಲಿರುವ ಎರಡು ವಿದ್ಯುದಗ್ರಗಳ ನಡುವೆ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಹನಿಹನಿಯಾಗಿ 50 ಹನಿ ಬೀಳಿಸಿ, ಮೇಲ್ಮೈ ಕರಕಾಗಿ ದಾರಿ ಮಾಡಿಕೊಡುತ್ತದೆಯೇ ಎಂದು ನೋಡುತ್ತಾರೆ. ಒರಟು ಪರೀಕ್ಷೆಯೇ ಸರಿ, ಆದರೆ ಹಳ್ಳಿಯ ಕೋಣೆಯನ್ನು ಇಷ್ಟು ಚೆನ್ನಾಗಿ ಅಣಕಿಸುವ ಪರೀಕ್ಷೆ ಇನ್ನೊಂದನ್ನು ನಾನು ಕಾಣೆ.

ಹಕ್ಕಿಯ ದಾರಿ ಅಪಾಯಕ್ಕೆ ಬರುವುದು ಸಿಡಿಲಿನ ಕಾಲದಲ್ಲಿ. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ತಂತಿಯ ಸಮೀಪ ಸಿಡಿಲು ಬಡಿದರೆ, ಕೆಲವು ಮೈಕ್ರೋಸೆಕೆಂಡುಗಳ ಮಟ್ಟಿಗೆ ಸಾವಿರಾರು ವೋಲ್ಟ್ ಹರಿದುಬರಬಹುದು. ತಂತಿಗಳು ಕೇಂದ್ರವನ್ನು ಹೊಗುವಲ್ಲಿ ಅನಿಲ ತುಂಬಿದ ಪುಟ್ಟ ನಳಿಕೆಗಳನ್ನು ಜೋಡಿಸುವುದು ಅದಕ್ಕೇ. ಬೇರೆಲ್ಲಿಯೂ ಹಾರುವ ಮೊದಲು ಕಿಡಿ ಅಲ್ಲೇ ಹಾರಿ ನೆಲ ಸೇರಲಿ ಎಂದು. ಪಾಶೆನ್ನನ ನಿಯಮವನ್ನೇ ಬಲೆಯಾಗಿ ಹೂಡಿದಂತೆ. 230 ವೋಲ್ಟಿನ ಸರಬರಾಜಿನಲ್ಲೂ 2500 ವೋಲ್ಟಿನವರೆಗೆ ಕ್ಷಣಿಕ ಏರಿಕೆ ಬರಬಹುದೆಂದು ಹಿಡಿದು, ಕ್ಲಿಯರೆನ್ಸ್ 2 ಮಿ.ಮೀ. ಎಂದು ಮಾನಕ ಹೇಳುತ್ತದೆ. ಎತ್ತರದಲ್ಲಿ ಗಾಳಿ ವಿರಳವಾದ್ದರಿಂದ, 2000 ಮೀಟರಿಗಿಂತ ಮೇಲೆ ಇದನ್ನು ಹೆಚ್ಚಿಸಬೇಕು. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯೂ 1200 ಮೀಟರ್ ಮುಟ್ಟದ್ದರಿಂದ ನಮಗೆ ಆ ಚಿಂತೆಯಿಲ್ಲ.

ಮನುಷ್ಯ ಮುಟ್ಟುವ ಭಾಗಕ್ಕೂ 230 ವೋಲ್ಟಿಗೂ ನಡುವೆ ಮಾತ್ರ ಈ ದೂರಗಳನ್ನು ಇಮ್ಮಡಿಗೊಳಿಸಬೇಕು: ಗಾಳಿಯಲ್ಲಿ 4 ಮಿ.ಮೀ., ಮೇಲ್ಮೈಯಲ್ಲಿ ದರ್ಜೆಗೆ ತಕ್ಕಂತೆ 5 ಅಥವಾ 8 ಮಿ.ಮೀ. ಒಂದು ತಡೆ ಕೈಕೊಟ್ಟರೂ ಇನ್ನೊಂದು ಉಳಿದಿರಬೇಕು. ಟೆಲಿಫೋನಿನಲ್ಲಿ ಇದು ಇನ್ನೂ ಮುಖ್ಯ. ಒಂದು ಮನೆಯ ಉಪಕರಣದಲ್ಲಿ ಮೇನ್ಸ್ ವಿದ್ಯುತ್ತು ತಂತಿಗೆ ದಾಟಿದರೆ, ಅದು ಆ ಮನೆಯಲ್ಲೇ ನಿಲ್ಲುವುದಿಲ್ಲ. ಬರೀ 48 ವೋಲ್ಟ್ ಎಂದು ನಂಬಿ ಕಂಬದ ಮೇಲೆ ಬರಿಗೈಯಲ್ಲಿ ತಂತಿ ಹಿಡಿದ ಲೈನ್‌ಮನ್‌ನನ್ನೂ ಅದು ತಲುಪುತ್ತದೆ.

ಭಾರತದಲ್ಲಿ 60950ಕ್ಕೆ ಸಮಾನವಾದ ಮಾನಕ ಐಎಸ್ 13252. 2012ರ ಆದೇಶ ಇದನ್ನು ಹಲವು ಉಪಕರಣಗಳಿಗೆ ಕಡ್ಡಾಯಗೊಳಿಸಿತು. 2019ರಿಂದ ದೂರಸಂಪರ್ಕ ಉಪಕರಣಗಳಿಗೆ ಕಡ್ಡಾಯ ಪರೀಕ್ಷೆಯೂ ಹಂತಹಂತವಾಗಿ ಬಂತು. ಅಂತರರಾಷ್ಟ್ರೀಯವಾಗಿ 2010ರಲ್ಲಿ ಬಂದ 62368 ಹಳೆಯ ಮಾನಕದ ಜಾಗ ಹಿಡಿದಿದೆ. ಹೆಸರು ಬದಲಾದರೂ ಹಕ್ಕಿ, ಇರುವೆಗಳ ದಾರಿ ಬದಲಾಗಿಲ್ಲ.

ತರಗತಿಯಲ್ಲಿ ಇದನ್ನು ತೋರಿಸಲು ಕೆಟ್ಟುಹೋದ ಒಂದು ಮೊಬೈಲ್ ಚಾರ್ಜರ್ ಸಾಕು. ಪ್ಲಗ್ಗಿನಿಂದ ತೆಗೆದು ಒಂದೆರಡು ದಿನ ಬಿಟ್ಟು, ಅಧ್ಯಾಪಕರೇ ಅದನ್ನು ಬಿಚ್ಚಲಿ. ಒಳ್ಳೆಯ ಚಾರ್ಜರಾದರೆ, ಫಲಕದ ಒಂದು ಕಡೆ 230 ವೋಲ್ಟಿನ ಭಾಗ, ಇನ್ನೊಂದು ಕಡೆ 5 ವೋಲ್ಟಿನ ಭಾಗ, ನಡುವೆ ತಾಮ್ರವಿಲ್ಲದ ಅಗಲ ಪಟ್ಟಿ ಕಾಣುತ್ತದೆ. ಕೆಲವದರಲ್ಲಿ ಫಲಕವನ್ನೇ ಕೊರೆದು ಉದ್ದನೆಯ ಸೀಳು ಮಾಡಿರುತ್ತಾರೆ. ಅದು ಕನಿಷ್ಠ 1 ಮಿ.ಮೀ. ಅಗಲವಿದ್ದರೆ ಎರಡನೆಯ ದರ್ಜೆಯಲ್ಲಿ ಇರುವೆ ಅದನ್ನು ಸುತ್ತಿಯೇ ಹೋಗಬೇಕೆಂದು ಲೆಕ್ಕ. ಸ್ಕೇಲು ಕೊಟ್ಟು ವಿದ್ಯಾರ್ಥಿಗಳಿಂದಲೇ ಎರಡೂ ದೂರಗಳನ್ನು ಅಳೆಯಿಸಿ. ತೀರ ಅಗ್ಗದ ಇನ್ನೊಂದು ಚಾರ್ಜರ್ ಸಿಕ್ಕರೆ ಅದನ್ನೂ ಪಕ್ಕದಲ್ಲಿಡಿ.